ದೊಡ್ಡಮ್ಮನ ಕೈತುತ್ತು

ಶಿಷ್ಯನು ಕೇಳಿದ: "ಗುರುಗಳೇ, ಹಸಿದು ಕೈಯೊಡ್ಡಿದವರಿಗೆ ಕೊಡುವುದರಲ್ಲಿಯೂ ತಪ್ಪಿರಬಹುದೇ?"

ಗುರುಗಳು ಈ ಕತೆ ಹೇಳಿದರು.

ಬಳೆ ವ್ಯಾಪಾರಿಯೊಬ್ಬನ ಮನೆಯಲ್ಲಿ ಇಬ್ಬರು ಸೊಸೆಯರಿದ್ದರು. ಹಿರಿಯವಳು ಮೂರು ಗಂಡುಮಕ್ಕಳನ್ನು ಹೆತ್ತವಳು. ಮೂರು ಸಲವೂ ನೋವು ಕಾಣಿಸಿಕೊಳ್ಳುವವರೆಗೆ ಒಲೆಯ ಮುಂದೆಯೇ ಇದ್ದಳು. ಉಂಡೆಯಾ ಎಂದು ಅವಳನ್ನು ಯಾರೂ ಕೇಳಿರಲಿಲ್ಲ.

ಕಿರಿಯವಳು ಬಸುರಿಯಾದಳು. ಆರನೆಯ ತಿಂಗಳಲ್ಲಿ ಸಕ್ಕರೆ ಕಾಯಿಲೆ ಇದೆಯೆಂದು ತಿಳಿಯಿತು. ಅತ್ತೆ ಅವಳಿಗೆಂದೇ ಬೇರೆ ಅಡುಗೆ ಮಾಡತೊಡಗಿದಳು. ಗಂಡ ದಿನವೂ ಊಟವಾದ ಮೇಲೆ ಅವಳ ಜೊತೆ ನಡೆದಾಡಿದ. ಹಿರಿಯವಳು ಪಾತ್ರೆ ಉಜ್ಜುತ್ತಾ ಇದನ್ನೆಲ್ಲ ನೋಡಿದಳು. ಅವಳ ಹೊಟ್ಟೆಯಲ್ಲಿ ಕಿಚ್ಚು ಹತ್ತಿಕೊಂಡಿತು.

ಹೆಣ್ಣುಮಗು ಹುಟ್ಟಿತು. ತಾಯಿಯ ಸಕ್ಕರೆ ಇಳಿಯಿತು. ವೈದ್ಯರು ಎಲ್ಲರೆದುರು ಹೇಳಿದರು: "ಇಳಿಯಿತೆಂದು ಮರೆಯಬೇಡಿ. ಈ ಕಾಯಿಲೆ ತಾಯಿಗೆ ಮುಂದೆ ತಿರುಗಿ ಬರಬಹುದು, ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಆಗಲಿ. ಮಗುವಿಗೂ ಬೆಳೆಯುತ್ತಾ ಬರುವ ಸಂಭವ ಹೆಚ್ಚು. ಮೈ ತೂಕ ಏರದಂತೆ ನೋಡಿಕೊಳ್ಳಿ."

ಈ ಮಾತು ಹಿರಿಯವಳ ಕಿವಿಗೂ ಬಿದ್ದಿತ್ತು. ಕಾಯಿಲೆ ಹೋದರೂ ಇವಳ ಮುದ್ದು ಮುಗಿಯಲಿಲ್ಲವಲ್ಲ ಎಂದುಕೊಂಡಳು.

ತಾಯಿ ಮಗುವನ್ನು ಹಿಡಿತದಲ್ಲಿ ಬೆಳೆಸಿದಳು. ಹಬ್ಬಕ್ಕೆ ಅರ್ಧ ಹೋಳಿಗೆ ಕೊಟ್ಟರೆ ಮತ್ತೆ ಕೊಡುತ್ತಿರಲಿಲ್ಲ. ಒಂದು ಯುಗಾದಿಯ ದಿನ ಮಗು ಅತ್ತಿತು. ಹಿರಿಯವಳು ಅದನ್ನು ಅಡುಗೆಮನೆಗೆ ಕರೆದು, ತುಪ್ಪ ಸುರಿದು ಎರಡು ಹೋಳಿಗೆ ತಿನ್ನಿಸಿದಳು. ಮಗು ಅವಳ ಕೊರಳು ತಬ್ಬಿತು. ಆ ಮನೆಗೆ ಬಂದ ಮೇಲೆ ಮೊದಲ ಸಲ ಅವಳಿಗೆ ಗೆದ್ದಂತೆ ಅನಿಸಿತು.

ಅಂದಿನಿಂದ ಅದೇ ಅಭ್ಯಾಸವಾಯಿತು. ಹುಡುಗಿ ಮೈ ತುಂಬಿ ದಪ್ಪಗೆ ಬೆಳೆದಳು. ತಾಯಿಯೊಡನೆ ಮಾತು ಕಡಿಮೆ, ಹಗಲೆಲ್ಲ ದೊಡ್ಡಮ್ಮನ ಹಿಂದೆಯೇ.

ಒಮ್ಮೆ ಕಿರಿಯವಳು ಕೈಮುಗಿದು ಹೇಳಿದಳು: "ಅಕ್ಕಾ, ಬೇಡ. ಡಾಕ್ಟರು ಹೇಳಿದ್ದು ನೀವೂ ಕೇಳಿದ್ದೀರಿ."

"ಹೆತ್ತ ಮಗುವಿನ ಬಾಯಿ ಕಟ್ಟುತ್ತೀಯಲ್ಲ, ನಿನಗೆ ಕರುಳಿದೆಯೇನೇ?" ಎಂದಳು ಹಿರಿಯವಳು. ಪಕ್ಕದಲ್ಲೇ ನಿಂತಿದ್ದ ಹುಡುಗಿ ದೊಡ್ಡಮ್ಮ ಹೇಳಿದ್ದೇ ಸರಿಯೆಂದು ತಲೆಯಾಡಿಸಿದಳು.

ಹುಡುಗಿಗೆ ಹದಿಮೂರು ತುಂಬಿದ ವರ್ಷ, ತಾಯಿಯ ಪರೀಕ್ಷೆಯಲ್ಲಿ ಸಕ್ಕರೆ ಮತ್ತೆ ಕಾಣಿಸಿತು. ಆಗಲೇ ಹಿಡಿದದ್ದರಿಂದ ಅದು ಹತೋಟಿಗೆ ಬಂತು. ಹುಡುಗಿಯ ಕತ್ತು ಕಪ್ಪಾಗಿರುವುದನ್ನು ಕಂಡು, ಇದೂ ಸಕ್ಕರೆಯ ಗುರುತಿರಬಹುದೆಂದು ವೈದ್ಯರು ಅವಳ ರಕ್ತವನ್ನೂ ನೋಡಿದರು. ತಾಯಿಗಿಂತ ಅವಳಿಗೇ ಹೆಚ್ಚಿತ್ತು.

"ಎಂದಾದರೂ ಬರುತ್ತಿತ್ತೋ ಏನೋ. ಇಷ್ಟು ಬೇಗ ಬರಬೇಕಾಗಿರಲಿಲ್ಲ" ಎಂದರು ವೈದ್ಯರು.

ಕಿರಿಯವಳು ಮನೆಗೆ ಬಂದು ಯಾರನ್ನೂ ಬೈಯಲಿಲ್ಲ. ಹುಡುಗಿ ಅಳುತ್ತಾ ಅಡುಗೆಮನೆಗೆ ಓಡಿ ದೊಡ್ಡಮ್ಮನನ್ನು ಅಪ್ಪಿಕೊಂಡಳು. "ಅಮ್ಮ ಇನ್ನು ಏನೂ ಕೊಡುವುದಿಲ್ಲವಂತೆ. ನೀನೇ ಕೊಡಬೇಕು ದೊಡ್ಡಮ್ಮಾ."

ಹಿರಿಯವಳ ಕೈ ಮೇಲೇಳಲಿಲ್ಲ. ಹುಡುಗಿ ಅವಳ ಮುಖವನ್ನೇ ನೋಡುತ್ತಾ ನಿಂತಳು.

ಗುರುಗಳು ಕತೆಯನ್ನು ಅಲ್ಲಿಗೇ ಮುಗಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಹಾಗಾದರೆ ಅವಳಿಗೆ ಆ ಮಗುವಿನ ಮೇಲೆ ಪ್ರೀತಿಯೇ ಇರಲಿಲ್ಲವೇ?" ಎಂದು ಕೇಳಿದ.

ಗುರುಗಳು ಹೇಳಿದರು: "ಇತ್ತಪ್ಪಾ, ಆದರೆ ಮಗು ತಿನ್ನುವಾಗಲೆಲ್ಲ ಅವಳು ನೋಡುತ್ತಿದ್ದದ್ದು ಮಗುವಿನ ಮುಖವನ್ನಲ್ಲ, ತಾಯಿಯ ಕೋಣೆಯ ಬಾಗಿಲನ್ನು."