ಕಮರಿಯ ಗಾಂಧಾರ

ಹೈಮವತಿ ಚಿಕ್ಕಂದಿನಲ್ಲಿ ಕೇಳಿದ ಕಥೆಯಲ್ಲಿ ಗುರುವಿಗೆ ಬಿಳಿಯ ಗಡ್ಡವಿತ್ತು.

ಅವರು ಕಾಡಿನ ನಡುವೆ ನಿಂತು ಹಾಡಿದರಂತೆ. ಬೆಟ್ಟವನ್ನು ಮುಚ್ಚಿದ್ದ ಮಂಜು ಪರದೆಯಂತೆ ಎರಡಾಗಿ ಸರಿಯಿತಂತೆ. ದಾರಿ ತಪ್ಪಿದ್ದ ನಲವತ್ತು ಜನ ಒಬ್ಬರ ಹಿಂದೊಬ್ಬರು ಹೊರಗೆ ಬಂದರಂತೆ.

ಕಥೆ ಹೇಳುತ್ತಿದ್ದವಳು ಸೋದರತ್ತೆ.

"ಮಂಜಿಗೆ ಕಿವಿ ಇರುತ್ತಾ ಅತ್ತೆ?" ಎಂದು ಎಂಟು ವರ್ಷದ ಹೈಮವತಿ ಕೇಳಿದ್ದಳು. "ನಲವತ್ತು ಅಂತ ಎಣಿಸಿದವರು ಯಾರು?"

"ನಿನ್ನಂಥವಳೇ ಯಾವಳೋ ತಲೆಹರಟೆ ಇದ್ದಿರಬೇಕು. ಸುಮ್ಮನೆ ಮಲಗು."

ಮೂವತ್ತು ವರ್ಷಗಳ ಮೇಲೆ ಅವಳು ಆ ಕಾಡನ್ನು ಹುಡುಕಿಕೊಂಡು ಹೋದಾಗ ಅಲ್ಲಿ ಗಡ್ಡವಿರಲಿಲ್ಲ; ಬೆಳೆಯುವ ಸಂಭವವೂ ಇರಲಿಲ್ಲ. ಗುರು ಚೆನ್ನಾಜಮ್ಮ ಎಪ್ಪತ್ತು ದಾಟಿದ ಗಿಡ್ಡ ಹೆಂಗಸು. ಸೀರೆಯ ಮೇಲೆ ಗಂಡಸರ ಸ್ವೆಟರ್ ತೊಟ್ಟು, ಆಶ್ರಮದ ಜಗಲಿಯಲ್ಲಿ ಕುಳಿತು ಹುರುಳಿ ಆರಿಸುತ್ತಿದ್ದರು.

"ಯಾವ ಸ್ವರ ಹೋಗಿದೆ?" ಎಂದು ಅವರೇ ಕೇಳಿದರು.

"ನಿಮಗೆ ಹೇಗೆ ಗೊತ್ತಾಯಿತು?"

"ಸ್ವರ ನೆಟ್ಟಗಿರುವವರು ಬಸ್ಸಿಳಿದು ಒಂಬತ್ತು ಕಿಲೋಮೀಟರ್ ಯಾಕೆ ನಡೀತಾರೆ?"

ಹೈಮವತಿ ಚೀಲ ಕೆಳಗಿಟ್ಟಳು. "ಗಾಂಧಾರ, ಅಮ್ಮಾ."

ಇಪ್ಪತ್ತೆರಡು ವರ್ಷ ಅವಳು ಕಛೇರಿಗಳಲ್ಲಿ ಹಾಡಿದ್ದಳು. ಗಂಟಲಿಗೆ ಒಂದು ಸಣ್ಣ ಶಸ್ತ್ರಚಿಕಿತ್ಸೆಯಾಯಿತು. ಷಡ್ಜ ಮರಳಿತು, ರಿಷಭ ಮರಳಿತು. ಗಾಂಧಾರದ ಬಳಿ ಬಂದಾಗ ಮಾತ್ರ ಮೆಟ್ಟಿಲೊಂದು ಇಲ್ಲದ ಏಣಿಯಲ್ಲಿ ಕಾಲಿಟ್ಟಂತೆ ಧ್ವನಿ ಜಾರಿಬಿಡುತ್ತಿತ್ತು. ವೈದ್ಯರಿಗೆ ಕಾರಣ ಸಿಗಲಿಲ್ಲ. ಅವಳು ವೇದಿಕೆ ಹತ್ತದೆ ಹನ್ನೊಂದು ತಿಂಗಳಾಗಿತ್ತು.

"ಗಾಂಧಾರ ಇಲ್ಲದ ರಾಗಗಳಿವೆಯಲ್ಲ?"

"ನಮ್ಮಣ್ಣನೂ ಅದನ್ನೇ ಹೇಳಿದ. ಮಧ್ಯಮಾವತಿ ಹಾಡಿಕೊಂಡಿರು ಅಂತ. ಅದು ಕಛೇರಿಯ ಕೊನೆಗೆ ಹಾಡುವ ರಾಗ. ಕಛೇರಿ ಶುರುವಾಗುವ ಮೊದಲೇ ಮಂಗಳ ಹಾಡಿ ಎದ್ದುಬಂದ ಹಾಗಾಗುತ್ತದೆ. ನನಗೆ ಕಲ್ಯಾಣಿ ಬೇಕು ಅಮ್ಮಾ."

ಚೆನ್ನಾಜಮ್ಮ ಮೊರ ಅಲುಗುವಷ್ಟು ನಕ್ಕರು.

"ಈ ಕಾಡಿನಲ್ಲಿ ಒಂದು ಗಾಂಧಾರವಿದೆ," ಎಂದರು.

ಹಿಂದೆ ಇಲ್ಲಿ ಕಲಿತವರು ಹೊರಡುವಾಗ ಗುರುದಕ್ಷಿಣೆಯಾಗಿ ತಮ್ಮದೊಂದು ಸ್ವರವನ್ನು ಒಂದು ಮರಕ್ಕೆ ಕೊಟ್ಟು ಹೋಗುವ ಪದ್ಧತಿಯಿತ್ತು. ತೊಗಟೆಗೆ ತುಟಿ ಹಚ್ಚಿ ಹಾಡಿದರೆ ಸ್ವರ ಮರದೊಳಗೆ ಇಳಿಯುತ್ತಿತ್ತು. ಕೊಟ್ಟವರ ಗಂಟಲಿನಲ್ಲಿ ಅದು ಮತ್ತೆ ಹುಟ್ಟುತ್ತಿರಲಿಲ್ಲ. ಮರ ಮಾತ್ರ ದೂರಕ್ಕೂ ಕೇಳುವಂತೆ ಬಿಡುವಿಲ್ಲದೆ ಹಾಡುತ್ತಿತ್ತು.

"ಮರಳಿ ತೆಗೆದುಕೊಳ್ಳಬಹುದೇ?"

"ಯಾರು ಬೇಕಾದರೂ. ತುಟಿ ಹಚ್ಚಿ ಉಸಿರೆಳೆದುಕೊಂಡರೆ ಮುಗಿಯಿತು."

"ಅದಕ್ಕೆ ನಾನೇನು ಕೊಡಬೇಕು?"

"ಏನೂ ಬೇಡ. ಹದಿನೈದು ದಿನ ಅದನ್ನು ಕೇಳು. ಆಮೇಲೂ ಬೇಕೆನಿಸಿದರೆ ತೆಗೆದುಕೊ."

ಆ ಮರ ಒಂದು ಹಳೆಯ ಮತ್ತಿ. ಆಶ್ರಮದಿಂದ ಅರ್ಧ ಗಂಟೆಯ ದಾರಿ; ಹೋಗುವಾಗ ಎಡಕ್ಕೆ ಹೊಳೆಯ ಬಳಿಯ ಮರವೊಂದು ಷಡ್ಜ ಹಾಡುತ್ತಿತ್ತು, ಬೆನ್ನ ಹಿಂದೆ ಏರಿನ ಮೇಲಿನ ಮರ ಪಂಚಮ. ಮತ್ತಿಯ ಬೇರುಗಳ ಪಕ್ಕದಲ್ಲೇ ನೆಲ ಮುಗಿದು ಆಳವಾದ ಕಮರಿ ತೆರೆದುಕೊಳ್ಳುತ್ತಿತ್ತು.

ಹೈಮವತಿ ಕೇಳುವುದಕ್ಕೆ ಮೊದಲು ಪರೀಕ್ಷಿಸಿದಳು. ತಂತಿ, ಸ್ಪೀಕರ್ ಏನಾದರೂ ಅಡಗಿದೆಯೇ ಎಂದು ಮರದ ಬುಡವನ್ನೆಲ್ಲ ಕೆದಕಿದಳು. ಗೆದ್ದಲ ಗೂಡೊಂದು ಸಿಕ್ಕಿತು.

ಆಮೇಲೆ ತೊಗಟೆಗೆ ಕಿವಿಯಿಟ್ಟಳು. ಒಳಗಿನಿಂದ ಸ್ವರ ಬರುತ್ತಿತ್ತು. ಉಸಿರಿಗೂ ನಿಲ್ಲದೆ ಬರುತ್ತಿತ್ತು.

ಸಂಜೆ ಗುರು ಕೇಳಿದರು: "ಏನು ಕೇಳಿಸಿತು?"

"ಅಂತರ ಗಾಂಧಾರ. ಕಲ್ಯಾಣಿಗೆ ಬೇಕಾದದ್ದೇ."

"ನಾಳೆ ಮತ್ತೆ ಕೇಳು."

ಮರುದಿನ ಅವಳೆಂದಳು: "ಅದರಲ್ಲಿ ಗಮಕವಿಲ್ಲ. ನೇರವಾಗಿ ನಿಂತ ಸ್ವರ."

"ಮತ್ತೆ ಕೇಳು."

ನಾಲ್ಕನೆಯ ದಿನ: "ಹೆಣ್ಣಿನ ಧ್ವನಿ. ಕೊಟ್ಟಾಗ ಮೂವತ್ತರ ಆಸುಪಾಸಿನಲ್ಲಿ ಇದ್ದಿರಬೇಕು."

ಚೆನ್ನಾಜಮ್ಮನ ಕೈ ಒಂದು ಕ್ಷಣ ತಡೆಯಿತು. "ಕಿವಿ ಚೆನ್ನಾಗಿದೆ ನಿನಗೆ," ಎಂದರು. "ಮತ್ತೆ ಕೇಳು."

ಕಮರಿಯಾಚೆಯ ಬಂಡೆಗಳಿಂದ ಜೇನು ಇಳಿಸುವ ಮಾದಿ ಎಂಬ ಹೆಂಗಸು ದಿನವೂ ಆ ದಾರಿಯಲ್ಲಿ ಹೋಗಿ ಬರುತ್ತಿದ್ದಳು. ಕಮರಿಯ ಅಂಚಿನಲ್ಲೇ ಬರುವ ಕಾಲುದಾರಿ ಮತ್ತಿಮರದ ಬಳಿ ಬಲಕ್ಕೆ ತಿರುಗಿ ಅವಳ ಜನರ ಗುಡಿಸಲುಗಳಿದ್ದ ಹಾಡಿಯ ಕಡೆಗೆ ಇಳಿಯುತ್ತಿತ್ತು.

"ಏನಮ್ಮಣ್ಣಿ, ಮರಕ್ಕೆ ಕಿವಿ ಕೊಟ್ಕೊಂಡು ಕುಂತೀಯಲ್ಲ, ಜ್ವರ ಬಂದದಾ ಅದಕ್ಕೆ?"

"ಈ ಸ್ವರ ಎಷ್ಟು ಶುದ್ಧವಾಗಿದೆ ಗೊತ್ತಾ ಮಾದಿ?"

"ಸುದ್ದ ಕಟ್ಕೊಂಡು ನಂಗೇನಾಗ್ಬೇಕು? ಇದ್ರೆ ಸಾಕು," ಎಂದು ಮಾದಿ ನಡೆದುಬಿಟ್ಟಳು.

ಪಾಪ, ಸಂಗೀತ ತಿಳಿಯದವಳು ಎಂದುಕೊಂಡಳು ಹೈಮವತಿ.

ಒಂಬತ್ತನೆಯ ದಿನ ಬೆಳಿಗ್ಗೆ, ಮತ್ತಿಮರದ ಬಳಿ, ಅವಳ ಫೋನಿಗೆ ಸಂದೇಶವೊಂದು ಬಂತು. ಒಂದು ಸಂಗೀತ ಸಭೆಯ ಕಾರ್ಯದರ್ಶಿ ಬರೆದಿದ್ದರು: 'ಮುಂದಿನ ತಿಂಗಳು ಹಾಡಬಲ್ಲಿರಾ? ಇಂದೇ ತಿಳಿಸಿ. ಇಲ್ಲವಾದರೆ ಬೇರೆಯವರನ್ನು ಕೇಳುತ್ತೇವೆ.'

ಅವಳು ಅದನ್ನು ಮೂರು ಸಲ ಓದಿದಳು. ಇನ್ನಾರು ದಿನ ಕೇಳಿದರೂ ಸ್ವರದ ಬಗ್ಗೆ ತಿಳಿಯುವುದೇನೂ ಉಳಿದಿಲ್ಲವೆನಿಸಿತು.

ತೊಗಟೆಗೆ ತುಟಿ ಹಚ್ಚಿದಳು. ಉಸಿರೆಳೆದುಕೊಂಡಳು.

ಮರ ಸುಮ್ಮನಾಯಿತು.

ಆಶ್ರಮದವರೆಗೂ ಅವಳು ಹಾಡುತ್ತಲೇ ಓಡಿದಳು. ಕಲ್ಯಾಣಿ ಎಲ್ಲೂ ಎಡವದೆ ಮೇಲೇರಿತು. ಜಗಲಿಯ ಮುಂದೆ ನಿಂತಾಗ ಕೆನ್ನೆಗಳು ಒದ್ದೆಯಾಗಿದ್ದವು.

ಚೆನ್ನಾಜಮ್ಮ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು. ಗದರಲಿಲ್ಲ.

"ನಲವತ್ತು ವರ್ಷವಾಗಿತ್ತು, ಇದನ್ನು ಇಷ್ಟು ಹತ್ತಿರದಿಂದ ಕೇಳಿ," ಎಂದರು.

ಹೈಮವತಿಯ ಹಾಡು ನಿಂತಿತು. "ಇದು... ನಿಮ್ಮದೇ?"

"ನನ್ನದಾಗಿತ್ತು."

ಅಷ್ಟರಲ್ಲಿ ಜಗಲಿಯ ಕಂಬಗಳ ನಡುವೆ ಮಂಜು ಒಳನುಗ್ಗಿತು. ಅಂಗಳ ಕಾಣದಾಯಿತು. ಬಾವಿಕಟ್ಟೆ ಕಾಣದಾಯಿತು. ದೂರದಲ್ಲಿ ಹೊಳೆಯ ಬಳಿಯ ಮರ ಷಡ್ಜ ಹಿಡಿದಿತ್ತು; ಏರಿನ ಮೇಲಿನದು ಪಂಚಮ. ಕಮರಿಯ ದಿಕ್ಕಿನಿಂದ ಏನೂ ಇರಲಿಲ್ಲ.

ಚೆನ್ನಾಜಮ್ಮ ಎದ್ದು ನಿಂತರು.

"ಮಾದಿ ಬೆಳಿಗ್ಗೆ ಬಂಡೆಗೆ ಹೋದಳಾ?"

"ಹೋದಳು. ನನ್ನ ಮುಂದೆಯೇ..."

ಒಂಬತ್ತು ದಿನ ಹೈಮವತಿ ಅಂತರ ಗಾಂಧಾರವೆಂದಿದ್ದಳು, ಗಮಕವಿಲ್ಲವೆಂದಿದ್ದಳು, ಹೆಣ್ಣಿನ ಧ್ವನಿಯೆಂದಿದ್ದಳು. ಅದು ಎಲ್ಲಿಂದ ಕೇಳಿಸುತ್ತಿದೆ ಎಂದು ಒಮ್ಮೆಯೂ ಹೇಳಿರಲಿಲ್ಲ.

"ಮಂಜಿನಲ್ಲಿ ಅವಳು ಬಲಕ್ಕೆ ತಿರುಗುವುದು ಮರವನ್ನು ಕೇಳಿಕೊಂಡೇ ಅಲ್ಲವೇ?"

"ಅವಳೊಬ್ಬಳೇ ಅಲ್ಲ. ಹಾಡಿಯವರೆಲ್ಲ."

"ಬನ್ನಿ ಅಮ್ಮಾ, ಹೋಗೋಣ!"

"ನಾನು ಬಂದು ಏನು ಮಾಡಲಿ? ನನ್ನ ಗಂಟಲಲ್ಲಿ ಅದಿಲ್ಲ. ನಿನ್ನಲ್ಲಿದೆ."

ಹೈಮವತಿ ಮಂಜಿನೊಳಗೆ ಕಾಲಿಟ್ಟಳು.

ಚಾಚಿದ ಅಂಗೈ ಕಾಣುತ್ತಿರಲಿಲ್ಲ. ಷಡ್ಜ ಎಡಗಿವಿಗೆ ಬರಬೇಕು. ಅದು ಎದುರಿಗೆ ಬಂದರೆ ಹೊಳೆಗೆ ಹೋಗುತ್ತಿದ್ದೇನೆ ಎಂದರ್ಥ. ಪಂಚಮ ಬೆನ್ನಿಗಿರಬೇಕು. ಅವಳು ಜೀವನದಲ್ಲಿ ಮೊದಲ ಸಲ ಸ್ವರಗಳನ್ನು ಕಿವಿಯಿಂದಲ್ಲದೆ ಕಾಲಿನಿಂದ ಕೇಳಿದಳು. ಎರಡು ಸಲ ಎಡವಿದಳು. ಕಡೆಗೆ ಕೈಗೆ ಮತ್ತಿಮರದ ಒರಟು ತೊಗಟೆ ಸಿಕ್ಕಿತು. ಅದನ್ನು ತಬ್ಬಿ ನಿಂತು ಗಾಂಧಾರ ಹಿಡಿದಳು.

ಉಸಿರು ಮುಗಿಯಿತು. ಎಳೆದುಕೊಂಡಳು. ಮತ್ತೆ ಹಿಡಿದಳು.

ಎಷ್ಟು ಹೊತ್ತಾಯಿತೋ. ಗಂಟಲು ಉರಿಯತೊಡಗಿತು. ಮರ ನಲವತ್ತು ವರ್ಷ ಬಿಡದೆ ಮಾಡಿದ ಕೆಲಸವನ್ನು ಅವಳು ಒಂದು ಮಧ್ಯಾಹ್ನ ಮಾಡಲಾರದೆ ಒದ್ದಾಡಿದಳು.

ಎಡಬದಿಯಿಂದ, ತೀರ ಹತ್ತಿರದಲ್ಲೇ, ದನಿಯೊಂದು ಕೇಳಿಸಿತು.

"ಯಾರದು ಮರದ ಬಾಯಲ್ಲಿ?"

"ಮಾದಿ! ಅಲ್ಲೇ ನಿಲ್ಲು! ನಾನು, ಹೈಮವತಿ. ದನಿ ಹಿಡಿದುಕೊಂಡು ಬಾ."

"ಹಾಡು ಮತ್ತೆ. ಮಾತಾಡ್ಬೇಡ, ಮಾತು ಸುತ್ತ ಸುತ್ತತದೆ."

ಅವಳು ಹಾಡಿದಳು. ಬೆನ್ನಿಗೆ ಜೇನಿನ ಡಬ್ಬ ಕಟ್ಟಿಕೊಂಡಿದ್ದ ಮಾದಿ ಒಂದೊಂದೇ ಹೆಜ್ಜೆ ಅಳೆಯುತ್ತ ಬಂದು ಅವಳ ತೋಳು ಹಿಡಿದಳು. ಮಂಜು ಒಂದು ಬೆರಳಿನಷ್ಟೂ ಸರಿದಿರಲಿಲ್ಲ.

"ಮಂಜು ಬಿತ್ತು, ಕಿವಿ ಕೊಟ್ರೆ ಮರ ಸುಮ್ಕಿತ್ತು. ಕುಂತ್ಬಿಟ್ಟೆ ಇದ್ದ ಜಾಗದಲ್ಲೇ," ಎಂದಳು ಮಾದಿ. "ಆಮೇಲೆ ಸುರುವಾಯ್ತು, ನಿಲ್ಲೋದು, ಸುರುವಾಗೋದು. ಇದೇನಪ್ಪಾ ಮರಕ್ಕೂ ವಯಸ್ಸಾಯ್ತಾ ಅಂತ ನಗು ಬಂತು. ನಗೋ ಹೊತ್ತಾ ಅದು?"

ಹೈಮವತಿ ನಗಲಿಲ್ಲ. "ನನ್ನಿಂದ ತಪ್ಪಾಯಿತು ಮಾದಿ. ನಾನೇ ತೆಗೆದುಕೊಂಡೆ."

ಮಾದಿ ಮರದ ತೊಗಟೆಗೆ ಅಂಗೈ ಇಟ್ಟು ನೋಡಿದಳು.

"ಒಳ್ಳೇ ಗಂಟಲು ನಿಂದು," ಎಂದಳು ಆಮೇಲೆ. "ನಾಳೆ ಏನ್ ಮಾಡ್ತೀಯ ಅಮ್ಮಣ್ಣಿ? ನಾಳೆನೂ ಮಂಜು ಬೀಳ್ತದಲ್ಲ."

ಹೈಮವತಿಯ ಜೇಬಿನಲ್ಲಿ ಫೋನಿತ್ತು. ಉತ್ತರ ಕಳುಹಿಸಲು ಸಂಜೆಯವರೆಗೆ ಸಮಯವಿತ್ತು.

"ಒಂದು ಸಲ ಪೂರ್ತಿ ಹಾಡಿಕೊಳ್ಳಲಾ?" ಎಂದಳು.

"ಹಾಡ್ಕೊ. ನಂಗೇನು ಬಸ್ಸು ತಪ್ಪೋಯ್ತದಾ?"

ಮಾದಿ ಡಬ್ಬ ಕೆಳಗಿಟ್ಟು ಕುಳಿತಳು. ಹೈಮವತಿ ಕಲ್ಯಾಣಿಯನ್ನು ಅವಸರವಿಲ್ಲದೆ ಹತ್ತಿ, ಅವಸರವಿಲ್ಲದೆ ಇಳಿದಳು. ಗಾಂಧಾರದ ಮೇಲೆ ಉಳಿದೆಡೆಗಿಂತ ಸ್ವಲ್ಪ ಹೆಚ್ಚು ಹೊತ್ತು ನಿಂತಳು.

ಆಮೇಲೆ ತೊಗಟೆಗೆ ತುಟಿ ಹಚ್ಚಿ ಅದನ್ನು ಮರಕ್ಕೆ ಹಿಂತಿರುಗಿಸಿದಳು.

ಜಗಲಿಯಲ್ಲಿ ಗುರು ಕಾದಿದ್ದರು. ಹುರುಳಿಕಟ್ಟು, ಬಿಸಿ ಅನ್ನ ಸಿದ್ಧವಾಗಿತ್ತು.

"ಏನು ಕೇಳಿಸಿತು?"

"ಕಮರಿ ಎಲ್ಲಿದೆ ಅಂತ."

ಚೆನ್ನಾಜಮ್ಮ ತಲೆದೂಗಿದರು. "ಊಟ ಮಾಡು. ಆಮೇಲೆ ಪಾಠ ಶುರು ಮಾಡೋಣ. ಕಲ್ಯಾಣಿ."

"ಗಾಂಧಾರವಿಲ್ಲದೆ ಕಲ್ಯಾಣಿ ಹೇಗೆ ಅಮ್ಮಾ?"

"ನನ್ನಲ್ಲಿದೆಯೇನು? ನಾನು ಹೇಗೆ ಹಾಡುತ್ತೇನೆ ನೋಡು."

ಗುರು ಹಾಡಿದರು. ಷಡ್ಜ, ರಿಷಭ; ಅಲ್ಲೊಂದು ಜಾಗ ಬಿಟ್ಟರು. ಬಾಗಿಲು ತೆರೆದಿಟ್ಟ ಹಾಗೆ ಬಿಟ್ಟರು. ಆ ತೆರೆದ ಜಾಗದಲ್ಲಿ ಕಮರಿಯ ಕಡೆಯಿಂದ ಗಾಂಧಾರ ಒಳಗೆ ಬಂತು. ಗುರು ಅದನ್ನು ದಾಟಿ ಮುಂದಿನ ಸ್ವರಕ್ಕೆ ಹೋದರು.

ಹೈಮವತಿ ಅಂದು ಸಭೆಗೆ 'ಸಾಧ್ಯವಿಲ್ಲ' ಎಂದು ಬರೆದಳು. ಜಾಗ ಬಿಡುವುದನ್ನು ಕಲಿಯಲು ಅವಳಿಗೆ ಒಂದೂವರೆ ವರ್ಷ ಬೇಕಾಯಿತು. ಕಡಿಮೆ ಬಿಟ್ಟರೆ ಸ್ವರ ಒಳಗೆ ಬರುತ್ತಿರಲಿಲ್ಲ. ಹೆಚ್ಚು ಬಿಟ್ಟರೆ ರಾಗ ಮುರಿಯುತ್ತಿತ್ತು.

ಅನಂತರ ಅವಳು ಊರಿಗೆ ಮರಳಿ, ಕಾಡಿನಿಂದ ಮುನ್ನೂರು ಕಿಲೋಮೀಟರ್ ದೂರದ ಒಂದು ಸಣ್ಣ ಸಭಾಂಗಣದಲ್ಲಿ ಕಲ್ಯಾಣಿ ಹಾಡಿದಳು. ಅಲ್ಲಿ ಮತ್ತಿಮರವಿರಲಿಲ್ಲ. ಅವಳು ಜಾಗ ಬಿಟ್ಟು ಹಾಡಿ, ಹೆದರುತ್ತಲೇ ಮುಗಿಸಿದಳು.

ಜನ ಎದ್ದು ಬಂದು, ಗಾಂಧಾರವನ್ನೇ ಹೊಗಳಿ ಕೈಮುಗಿದರು. ಗಂಡನನ್ನು ಕಳೆದುಕೊಂಡು ಎರಡು ತಿಂಗಳಾಗಿದ್ದ ಹೆಂಗಸೊಬ್ಬಳು ಅವಳ ಕೈ ಬಿಡಲೇ ಇಲ್ಲ. "ಆ ಗಾಂಧಾರ!" ಎಂದಳು. "ಇವತ್ತು ಮನೆಗೆ ಹೋಗುವ ಧೈರ್ಯ ಬಂತು ನನಗೆ."

ಹೈಮವತಿ ಇಂಥ ಮಾತುಗಳನ್ನು ಸುಮ್ಮನೆ ನಂಬುವವಳಲ್ಲ. ಕಛೇರಿಯ ಧ್ವನಿಮುದ್ರಣ ತರಿಸಿಕೊಂಡು, ಕಿವಿಗೆ ಹೆಡ್‌ಫೋನ್ ಹಾಕಿ, ನಲವತ್ತೆಂಟು ನಿಮಿಷಗಳ ಕಲ್ಯಾಣಿಯನ್ನು ವೇಗ ತಗ್ಗಿಸಿ ನಾಲ್ಕು ದಿನ ಪರೀಕ್ಷಿಸಿದಳು. ಆಮೇಲೆ ಬಸ್ಸು ಹತ್ತಿ, ಒಂಬತ್ತು ಕಿಲೋಮೀಟರ್ ನಡೆದು, ಗುರುವಿನ ಮುಂದೆ ಕುಳಿತಳು.

"ತಂಬೂರಿಯ ತಂತಿಯಲ್ಲಿ ತಾನಾಗಿ ಏಳುವ ಸಣ್ಣ ಗಾಂಧಾರ ಇದ್ದೇ ಇದೆ ಅಮ್ಮಾ. ಅದನ್ನು ಬೇರೆ ಮಾಡಿ ನೋಡಿದೆ. ಅವರೆಲ್ಲ ಹೇಳುತ್ತಿರುವುದು ಹೆಣ್ಣಿನ ಕಂಠದ ಗಾಂಧಾರ. ಅದು ಮುದ್ರಣದಲ್ಲಿ ಒಂದು ಸಲವೂ ಇಲ್ಲ. ಯಂತ್ರಕ್ಕೆ ಕೇಳಿಸಿಯೇ ಇಲ್ಲ."

ಚೆನ್ನಾಜಮ್ಮ ಸ್ವೆಟರಿನ ತೋಳು ಮೇಲೇರಿಸಿಕೊಂಡರು.

"ಯಂತ್ರಕ್ಕೇನು ಹೈಮಾ, ಅದು ದಾರಿ ಹುಡುಕಿಕೊಂಡು ಯಾವ ಮನೆಯನ್ನೂ ಸೇರಬೇಕಾಗಿಲ್ಲವಲ್ಲ."