ಕಾವಲುಗಾರನ ಕಿವಿ

"ಕೆಲಸದ ಹೊತ್ತಿನಲ್ಲಿ ಕದ್ದು ಹಾಡು ಕೇಳುವವರನ್ನು ಏನು ಮಾಡಬೇಕು, ಬುದ್ಧಿ?" ಎಂದು ಮಹಾಲಿಂಗ ಕೇಳಿದ.

ಮಠದ ದಾಸೋಹದ ಉಸ್ತುವಾರಿ ಅವನದು. ಅಕ್ಕಿ ಆರಿಸುವ ಸಿದ್ದಮ್ಮ ಸೆರಗಿನೊಳಗೆ ಮೊಬೈಲು ಇಟ್ಟುಕೊಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹಾಡು ಕೇಳುತ್ತಿದ್ದಳು. ಅವನು ಬಂದಾಗ ತೆಗೆಯುತ್ತಿದ್ದಳು, ಹೋದಾಗ ಹಾಕಿಕೊಳ್ಳುತ್ತಿದ್ದಳು. ಸಂಜೆಯೊಳಗೆ ಅವಳನ್ನು ಕೆಲಸದಿಂದ ಬಿಡಿಸಬೇಕೆಂದು ತೀರ್ಮಾನಿಸಿಯೇ ಬಂದಿದ್ದ. ಗುರುಗಳ ಒಪ್ಪಿಗೆ ಒಂದು ಬಾಕಿ.

ಗುರುಗಳು ಕೂರುವಂತೆ ಕೈ ಮಾಡಿದರು. ಕತೆ ಹೇಳಿದರು.

ಒಬ್ಬ ವ್ಯಾಪಾರಿಗೆ ಗೇರುಬೀಜದ ಕಾರ್ಖಾನೆ ಇತ್ತು. ಹೆಂಗಸರು ಸಾಲಾಗಿ ಕೂತು ಗೋಡಂಬಿ ಆರಿಸುತ್ತಿದ್ದರು. ಬಿಳಿಯದು ಒಂದು ಕಡೆ, ಒಡೆದದ್ದು ಒಂದು ಕಡೆ, ಕಪ್ಪು ಚುಕ್ಕೆಯದು ಇನ್ನೊಂದು ಕಡೆ. ಕಣ್ಣಿಗೆ ಕೆಲಸ, ಕೈಗೆ ಕೆಲಸ. ಕಿವಿ ಖಾಲಿ. ಆ ಕಿವಿಗೆ ಅವರು ಮೊಬೈಲಿನ ಹಾಡು ಹಾಕಿಕೊಂಡರು. ತಲೆಗೆ ಕಟ್ಟಿದ ಬಟ್ಟೆಯೊಳಗೆ ವೈರು. ಒಂದು ಇಯರ್‌ಫೋನಿಗೆ ಇಬ್ಬರು. ಒಬ್ಬಳು ತಲೆ ತಿರುಗಿಸಿದರೆ ಪಕ್ಕದವಳ ತಲೆಯೂ ತಿರುಗುತ್ತಿತ್ತು. ವ್ಯಾಪಾರಿಗೆ ಗುಟ್ಟು ಗೊತ್ತಾದದ್ದು ಹಾಗೆ.

ಕೂಲಿ ಕೊಡುವುದು ಹಾಡು ಕೇಳುವುದಕ್ಕಲ್ಲ ಎಂದು ಅವನು ಸಿಟ್ಟಾದ. ಅತ್ತಿತ್ತ ತಿರುಗುವ ಕ್ಯಾಮೆರಾ ಹಾಕಿಸಿದ. ಅದರ ಪರದೆ ನೋಡಲು ಒಂದು ಕೋಣೆ, ಕೋಣೆಗೆ ಒಬ್ಬ ಕಾವಲುಗಾರ.

ಹೆಂಗಸರು ಹಾಡು ಬಿಡಲಿಲ್ಲ. ಕ್ಯಾಮೆರಾ ಇತ್ತ ತಿರುಗಿದಾಗ ಇಯರ್‌ಫೋನ್ ಕಿವಿಯಿಂದ ಕೆಳಗೆ, ಅತ್ತ ತಿರುಗಿದಾಗ ಮತ್ತೆ ಕಿವಿಗೆ. ಅದು ಎತ್ತ ತಿರುಗಿದೆಯೆಂದು ತಲೆಯೆತ್ತಿ ನೋಡುತ್ತಲೇ ಇರಬೇಕಾಯಿತು. ಗೋಡಂಬಿ ನೋಡುವ ಕಣ್ಣು ಕ್ಯಾಮೆರಾ ನೋಡತೊಡಗಿತು. ಬಿಳಿಯದರಲ್ಲಿ ಕಪ್ಪು ಸೇರಿತು. ಕೊಂಡವರು ಮಾಲು ವಾಪಸು ಕಳಿಸಿದರು. ಇನ್ನೊಂದು ಸಲ ಹೀಗಾದರೆ ನಿಮ್ಮ ಮಾಲೇ ಬೇಡ ಎಂದರು.

ಇದೆಲ್ಲ ಹಾಡಿನಿಂದ ಬಂದ ಕೇಡು ಎಂದುಕೊಂಡ ವ್ಯಾಪಾರಿ ಕಾವಲು ಕೋಣೆಗೆ ನುಗ್ಗಿದ. ಕಾವಲುಗಾರ ಪರದೆಯ ಮುಂದೆ ಕೂತಿದ್ದ. ಅವನ ಕಿವಿಯಲ್ಲೂ ಇಯರ್‌ಫೋನ್.

"ನೀನೂ ಏನೋ?"

"ಬರೇ ಪರದೆ ನೋಡ್ತಾ ಕೂತ್ರೆ ನಿದ್ದೆ ಬರ್ತದೆ, ಧಣಿ. ನಾನು ಮಲಗಿದ್ರೆ ಅವರನ್ನು ನೋಡುವವರು ಯಾರು?"

"ಏಳು ಆಚೆ. ನಾನೇ ನೋಡ್ತೇನೆ."

"ಕೂತ್ಕೊಳ್ಳಿ. ಕುರ್ಚಿ ಒಳ್ಳೇದುಂಟು, ಅದೇ ತೊಂದರೆ."

ವ್ಯಾಪಾರಿ ಕೂತ. ಊಟದ ಗಂಟೆಗೆ ಮೊದಲೇ ತೂಕಡಿಕೆ ಬಂತು. ಎದ್ದು ಮುಖ ತೊಳೆದು ಬಂದ. ಮತ್ತೆ ತೂಕಡಿಸಿದ. ಆಮೇಲೆ ತನಗೇ ತಿಳಿಯದೆ ಏನೋ ಗುನುಗತೊಡಗಿದ. ಬಾಗಿಲಲ್ಲಿ ನಿಂತಿದ್ದ ಕಾವಲುಗಾರ ಕಿವಿಗೊಟ್ಟ. ತನ್ನ ದನಿ ತನ್ನ ಕಿವಿಗೆ ಬಿದ್ದಾಗ ವ್ಯಾಪಾರಿ ನಿಲ್ಲಿಸಿದ.

ಮರುದಿನ ಕ್ಯಾಮೆರಾ ಇಳಿಯಿತು. ಆ ಜಾಗಕ್ಕೆ ಸ್ಪೀಕರು ಬಂತು. ಯಾವ ಹಾಡು ಹಾಕಬೇಕೆಂದು ಹೆಂಗಸರಲ್ಲಿ ಜಗಳವಾಯಿತು. ದಿನಕ್ಕೊಬ್ಬಳ ಸರದಿ ಎಂದು ತೀರಿತು. ಕಾವಲುಗಾರ ಮೂಟೆ ತೂಗುವ ಕೆಲಸಕ್ಕೆ ಹೋದ. ಕಣ್ಣುಗಳು ಗೋಡಂಬಿಗೆ ಮರಳಿದವು. ಮಾಲು ವಾಪಸು ಬರುವುದು ನಿಂತಿತು.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು. ಮಹಾಲಿಂಗನಿಗೆ ಸಮಾಧಾನವಾಗಲಿಲ್ಲ.

"ಅದು ಕಾರ್ಖಾನೆ, ಬುದ್ಧಿ. ಇದು ಮಠ. ಸಿದ್ದಮ್ಮನನ್ನು ಬಿಡಿಸಬಾರದೆ?"

"ಬಿಡಿಸು. ನಾಳೆ ಬೆಳಗಿನಿಂದ ಸಂಜೆಯವರೆಗೆ ಅವಳ ಮೊರ ಹಿಡಿದು ಸುಮ್ಮನೆ ಕೂತಿರು, ಆಮೇಲೆ ಬಿಡಿಸು."