ಹಲಸಿನ ಪೆಟ್ಟಿಗೆ

"ಗುರುಗಳೇ, ಹೆಮ್ಮೆಪಡುವುದು ತಪ್ಪೇ?" ಎಂದು ಶಿಷ್ಯ ಕೇಳಿದ.

ಹಿಂದಿನ ದಿನ ಅವನು ಮೊದಲ ಬಾರಿಗೆ ಸಭೆಯಲ್ಲಿ ಹಾಡಿದ್ದ. ಜನ ಹೊಗಳಿದ್ದರು. ಆ ಹಾಡು ಅವನ ಮೊಬೈಲಿನಲ್ಲಿತ್ತು. ಬೆಳಗಿನಿಂದ ನಾಲ್ಕು ಸಲ ಕೇಳಿದ್ದ.

ಗುರುಗಳು ಹೇಳಿದರು.

ಒಬ್ಬ ಬಡಗಿಯಿದ್ದ. ಭಜನಾ ಮಂಡಳಿಯ ಹಿಮ್ಮೇಳದಲ್ಲಿ ಇಪ್ಪತ್ತು ವರ್ಷ ತಾಳ ಹಾಕಿದವನು. ಬರುವ ಗುರುಪೂಜೆಗೆ ಮುಮ್ಮೇಳದಲ್ಲಿ ನೀನೇ ಹಾಡು ಎಂದು, ಅಲ್ಲಿಯವರೆಗೆ ಹಾಡುತ್ತಿದ್ದ ಮಂಡಳಿಯ ಹಿರಿಯರು ಹೇಳಿದರು. ಬಡಗಿ ಮನೆಯ ಕಂಪ್ಯೂಟರಿನಲ್ಲಿ ತನ್ನ ಹಾಡು ರೆಕಾರ್ಡ್ ಮಾಡಿ ಕೇಳಿದ. ಕಂಪ್ಯೂಟರಿನ ಜೊತೆ ಬಂದ ಸ್ಪೀಕರುಗಳು ಅಂಗೈಯಗಲದವು. ಅವುಗಳಲ್ಲಿ ಅವನ ದನಿ ಬಲು ಇಂಪಾಗಿತ್ತು. ಇಂಥ ದನಿಗೆ ಇನ್ನೂ ಒಳ್ಳೆಯ ಸ್ಪೀಕರು ಬೇಕು ಎನಿಸಿತು.

ಅಂಗಡಿಯ ದೊಡ್ಡ ಸೆಟ್ಟು ಕೈಗೆಟುಕಲಿಲ್ಲ. ಎರಡು ಬಾಗಿಲು ಕೂರಿಸಿದ ಕೂಲಿಯಲ್ಲಿ ಒಂದು ಚಿಕ್ಕ ಆಂಪ್ಲಿಫೈಯರ್, ಪೆಟ್ಟಿಗೆಯಿಲ್ಲದ ಎರಡು ಬರಿಯ ಸ್ಪೀಕರು ಕೊಂಡ. ಪೆಟ್ಟಿಗೆ ಮಾಡಲು ಬಡಗಿಗೆ ಯಾರ ಹಂಗು? ಹಳೆಯ ಹಲಸಿನ ಹಲಗೆಯಿತ್ತು. ಹತ್ತು ದಿನ ಕೂತು ಮಾಡಿದ. ಸಂದಿನಲ್ಲಿ ಕೂದಲೆಳೆ ತೂರುತ್ತಿರಲಿಲ್ಲ. ಕಿವಿಯ ಎತ್ತರಕ್ಕೆ ಇಟ್ಟು, ಹೆಂಡತಿಯನ್ನು ಎದುರು ಕೂರಿಸಿ, ತನ್ನ ಹಾಡು ಹಚ್ಚಿದ.

ಕೆಳಗಿನ ಸ್ವರಗಳಲ್ಲಿ ದನಿ ನಡುಗಿತು. ಶ್ರುತಿ ಬಿಟ್ಟು ಜಾರಿತು.

"ಏನ್ರೀ ಇದು, ಹಳೇದ್ರಲ್ಲೇ ಚೆನ್ನಾಗಿತ್ತಲ್ಲ!" ಎಂದಳು ಹೆಂಡತಿ.

"ಎಲ್ಲೋ ಸಂದು ಬಿಟ್ಟಿದೆ" ಎಂದು ಅವನು ಪೆಟ್ಟಿಗೆ ಬಿಚ್ಚಿದ. ಹೊಸದಾಗಿ ಅಂಟು ಹಾಕಿ ಕೂಡಿಸಿದ. ದನಿ ಮತ್ತೆ ಅಲ್ಲಿಯೇ ಜಾರಿತು. ಮತ್ತೆ ಬಿಚ್ಚಿದ. ಮೂರನೆಯ ಸಲ ಉಳಿ ಎತ್ತಿಕೊಂಡಾಗ ಹೆಂಡತಿ ತಡೆದಳು.

"ಮೊದ್ಲು ಆ ಹಿರಿಯರ ಹಾಡೊಂದು ಹಾಕಿ ನೋಡ್ರೀ."

ಹಾಕಿದ. ಕೆಳಗಿನ ಸ್ವರ ಕಂಬದಂತೆ ನಿಂತಿತು. ಬಡಗಿ ಉಳಿ ಕೆಳಗಿಟ್ಟ.

ಅವನ ಮುಖ ನೋಡಿ ಅವಳಿಗೆ ಮರುಕವಾಯಿತು. "ಬೇಸ್ ಸಣ್ಣ ಮಾಡ್ಬಿಡಿ, ಹಳೇ ಸ್ಪೀಕರಲ್ಲಿದ್ದ ಹಾಗೆ ಕೆಳಗಿನ ಸ್ವರ ಜಾರೋದು ಕೇಳಿಸೋದೇ ಇಲ್ಲ. ಪೂಜೆಗೆ ಇನ್ನು ಹದಿನೈದು ದಿನ. ಸುಮ್ನೆ ಮನಸ್ಸು ಕೆಡಿಸ್ಕೋಬೇಡಿ."

"ನಾನು ಮಾಡಿದ ಪೆಟ್ಟಿಗೆ ಕಣೇ. ಅದರ ಬಾಯಿ ನಾನೇ ಮುಚ್ಚಲಾ?"

ಮರುದಿನ ಹಿರಿಯರ ಬಳಿ ಹೋದ. ಈ ವರ್ಷವೂ ತಾಳವೇ ಹಾಕುತ್ತೇನೆ ಎಂದ. ಬಡಗಿ ಹೆದರಿದ ಎಂದು ಊರು ನಕ್ಕಿತು. ಅವನು ದಿನವೂ ಹಾಡಿದ, ಪೆಟ್ಟಿಗೆಯ ಮುಂದೆ ಕೂತು ಕೇಳಿದ, ಜಾರಿದಲ್ಲಿ ಮತ್ತೆ ಹಾಡಿದ. ಒಂದು ವರ್ಷ ಬೇಕಾಯಿತು. ಮುಂದಿನ ಗುರುಪೂಜೆಯಲ್ಲಿ ಮುಮ್ಮೇಳದಲ್ಲಿ ಅವನು ಹಾಡಿದ. ಪಕ್ಕದಲ್ಲಿ ಕೂತು ತಾಳ ಹಾಕಿದವರು ಆ ಹಿರಿಯರು.

ಆಮೇಲೆ ಅವನ ಹಾಡು ಕೇಳಲು ಮನೆಗೆ ಜನ ಬರತೊಡಗಿದರು. ಅವನು ಪೆಟ್ಟಿಗೆಯ ಮೈ ಸವರಿ, "ನನ್ನ ಕೈಕೆಲಸ" ಎನ್ನುತ್ತಿದ್ದ. ಎದೆಯುಬ್ಬಿಸಿಯೇ ಹೇಳುತ್ತಿದ್ದ. ಹೇಳಿ, ಹಾಡು ಹಚ್ಚುತ್ತಿದ್ದ. ಗುರುಪೂಜೆಯ ಹಾಡಲ್ಲ. ಮೊದಲ ದಿನ ಜಾರಿದ ಆ ಹಾಡು.

ಗುರುಗಳು ಕತೆ ನಿಲ್ಲಿಸಿದರು.

"ತಪ್ಪಿದ ಹಾಡನ್ನು ಕೇಳಿಸಿ ಹೆಮ್ಮೆಪಟ್ಟನೇ?" ಎಂದ ಶಿಷ್ಯ.

"ಪಟ್ಟ. ನಿನ್ನ ಹಾಡನ್ನು ನೀನು ಯಾವುದರಲ್ಲಿ ಕೇಳಿದೆ?"